ನೆಲ್ಲಿಕಾಯಿ ಮುಚ್ಚಿಟ್ಟ ರಕ್ತ

ಸರಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದ ಕೆಲಸವನ್ನು ನೇರವಾಗಿ ಹೇಳಬೇಕೆಂದರೆ, ಬೇರೆಯವರ ಮಲ, ಮೂತ್ರ, ಕಫ, ರಕ್ತ ನೋಡಿದ್ದು. ಈಗ ಕೋರ್ಸು ಮುಗಿಸಿ ಈ ಕೆಲಸಕ್ಕೆ ಸೇರುವ ಹುಡುಗರು, ಹುಡುಗಿಯರು ದಾರಿಯಲ್ಲಿ ಸಿಕ್ಕಾಗ, "ನಿಮ್ಮ ಕಾಲದಾಗ ಹೆಂಗಿತ್ರಿ ಸರ್?" ಎಂದು ಕೇಳುತ್ತಾರೆ. ಆಗ ಮಷಿನ್ ಇರಲಿಲ್ಲ, ಎಲ್ಲ ಕೈಯಿಂದಲೇ ಮಾಡಬೇಕಿತ್ತು ಎಂದು ಹೇಳಿ ಮಾತು ಮುಗಿಸುತ್ತೇನೆ. ಅದು ಸುಳ್ಳಲ್ಲ, ಆದರೆ ಅವರು ಕೇಳಿದ್ದಕ್ಕೆ ಉತ್ತರವೂ ಅಲ್ಲ. ನಿಂತ ನಿಲುವಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಕುಳಿತು ಬರೆಯುತ್ತಿದ್ದೇನೆ.

ನಮ್ಮದು ಸವಣೂರಿನ ವೈಷ್ಣವ ಮನೆತನ. ತಂದೆ ಸಂಸ್ಕೃತ ಪಾಠ ಹೇಳುತ್ತಿದ್ದರು, ಮಡಿ ಬಿಟ್ಟು ನೀರು ಮುಟ್ಟಿದವರಲ್ಲ. ಮಗನಿಗೆ ಸರಕಾರಿ ನೌಕರಿ ಸಿಕ್ಕಿತೆಂದು ಸಂತೋಷಪಟ್ಟರು. ಕೆಲಸ ಏನೆಂದು ತಿಳಿದ ಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, "ರಜಾಕ್ಕ ಬಂದಾಗ ಹಿತ್ತಲದಾಗ ಸ್ನಾನಾ ಮಾಡಿ ಒಳಗ ಬಾ. ಮತ್ತೇನೂ ಹೇಳೂದಿಲ್ಲ" ಎಂದರು. ಕಡೆಯವರೆಗೂ ಮತ್ತೇನೂ ಹೇಳಲಿಲ್ಲ.

ಎಪ್ಪತ್ತರ ದಶಕದ ಮಧ್ಯದಲ್ಲಿ ಹಿರೇಕೆರೂರಿಗೆ ಹೋಗಿ ಸೇರಿಕೊಂಡೆ. ಅಲ್ಲಿ ಹಿರಿಯ ಟೆಕ್ನಿಶಿಯನ್ ಆಗಿದ್ದ ಖಾದರ್ ಸಾಹೇಬರು ನನಗೆ ಕೆಲಸ ಕಲಿಸಿದರು. ಲ್ಯಾಬು ಎಂದರೆ ಔಷಧ ಕೊಡುವ ಕಿಟಕಿಯ ಪಕ್ಕದ ಸಣ್ಣ ಕೋಣೆ: ಒಂದು ಮೈಕ್ರೋಸ್ಕೋಪು, ಒಂದು ಸ್ಪಿರಿಟ್ ದೀಪ, ಕಿಟಕಿಯಿಂದ ಬೀಳುವ ಬೆಳಕು. ಜನ ಮಲವನ್ನು ಕಡ್ಡಿಪೆಟ್ಟಿಗೆಯಲ್ಲಿ ಹಾಕಿ, ತೇಗದ ಎಲೆಯಲ್ಲಿ ಸುತ್ತಿ, ಸೊಂಟದಲ್ಲಿ ಸಿಕ್ಕಿಸಿಕೊಂಡು ತರುತ್ತಿದ್ದರು. ಎಷ್ಟೋ ಹೆಣ್ಣುಮಕ್ಕಳು ನಾಚಿಕೆಯಿಂದ ಅದನ್ನು ಮೇಜಿನ ಮೇಲಿಟ್ಟು ಹೆಸರು ಹೇಳದೆ ಹೊರಗೆ ಓಡುತ್ತಿದ್ದರು. ಯಾರದು ಯಾವ ಪೆಟ್ಟಿಗೆ ಎಂದು ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು.

ಕಣ್ಣಿಗೆ ಕಾಣದ ರಕ್ತ ಮಲದಲ್ಲಿ ಇದೆಯೇ ಎಂದು ನೋಡುವ ಪರೀಕ್ಷೆಯೊಂದಿತ್ತು. ಕರುಳಿನಲ್ಲಿ ಗಡ್ಡೆ, ಹುಣ್ಣು ಇದ್ದರೆ ಹನಿಹನಿಯಾಗಿ ರಕ್ತ ಸೋರುತ್ತಿರುತ್ತದೆ, ಅದನ್ನು ಹಿಡಿಯುವುದಕ್ಕೆ. ಚೂರು ಮಲವನ್ನು ನೀರಿನಲ್ಲಿ ಕಲಸಿ ಕುದಿಸಬೇಕು. ಬೆಂಜಿಡಿನ್ ಎಂಬ ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸಿ ಬೆರೆಸಬೇಕು, ಮೇಲೆ ಪೆರಾಕ್ಸೈಡ್ ಹನಿ ಹಾಕಬೇಕು. ರಕ್ತವಿದ್ದರೆ ನೀಲಿ ಬಣ್ಣ ಏಳುತ್ತದೆ. ಖಾದರ್ ಸಾಹೇಬರು ಆ ಪುಡಿಯನ್ನು ಬೆರಳ ತುದಿಯಿಂದಲೇ ತೆಗೆದು ಹಾಕುತ್ತಿದ್ದರು, ನಾನೂ ಹಾಗೆಯೇ ಕಲಿತೆ.

ಸೇರಿದ ಮೊದಲ ವರ್ಷವೇ ಒಂದು ತಪ್ಪು ಮಾಡಿದೆ. ಮಾಸೂರಿನಿಂದ ಒಬ್ಬ ರೈತ ಹೊಟ್ಟೆನೋವೆಂದು ಬಂದಿದ್ದ. ಪರೀಕ್ಷೆಯಲ್ಲಿ ನೀಲಿ ಬಂತು. ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಅವನನ್ನು ಮಲಗಿಸಿ, ಎಲ್ಲ ನೋಡಿ, ಏನೂ ಇಲ್ಲವೆಂದು ವಾಪಸು ಕಳಿಸಿದರು. ಮಡಗದ ಕೆರೆಯ ನೀರು ಬಿಟ್ಟ ವಾರ ಅದು, ಅವನ ಗದ್ದೆಯ ಕೆಲಸ ಕೆಟ್ಟಿತ್ತು. ಬಂದವನು ಲ್ಯಾಬಿನ ಬಾಗಿಲಲ್ಲಿ ನಿಂತು, "ಸಾಯ್ತೇನಿ ಅಂತ ಹೆಂಡ್ತಿಗೆ ಹೇಳಿ ಹೋಗಿದ್ನೆಲ್ಲೊ! ಏನ್ ನೋಡ್ತೀಯೋ ನೀ ಅದರಾಗ?" ಎಂದು ಒದರಾಡಿದ.

ಖಾದರ್ ಸಾಹೇಬರು ಅವನನ್ನು ಕೂರಿಸಿ ಚಹಾ ತರಿಸಿ, "ಪೆಟ್ಟಗಿ ತಂದ ಹಿಂದಿನ ದಿನಾ ಏನ್ ಉಂಡಿದ್ದಿ?" ಎಂದು ಕೇಳಿದರು.

"ಬೀಗರು ಬಂದಿದ್ರು. ಕುರಿ ಕಡದಿದ್ವಿ."

ಸಾಹೇಬರು ನನ್ನ ಕಡೆ ತಿರುಗಿದರು. "ಕೇಳಿದ್ಯೇನಪಾ ಆಚಾರಿ? ಕುರಿ ರಕ್ತನೂ ರಕ್ತನ. ಊಟಾ ಕೇಳದ ಪರೀಕ್ಷಾ ಮಾಡಬ್ಯಾಡ."

ಅಂದಿನಿಂದ ಮಾಂಸ ತಿಂದಿದ್ದೀರಾ ಎಂದು ಕೇಳದೆ ಈ ಪರೀಕ್ಷೆ ಮಾಡಲಿಲ್ಲ. ತಪ್ಪಾಗಿ "ಇದೆ" ಎನ್ನಿಸುವುದು ಯಾವುದೆಂದು ಕಲಿತೆ. ತಪ್ಪಾಗಿ "ಇಲ್ಲ" ಎನ್ನಿಸುವುದೂ ಒಂದು ಇರಬಹುದೆಂದು ಸಾಹೇಬರಿಗೆ ಯಾರೂ ಹೇಳಿರಲಿಲ್ಲ. ನನಗೂ ಆ ಪ್ರಶ್ನೆ ಹೊಳೆಯಲಿಲ್ಲ.

ಮುಂದೆ ಹಾನಗಲ್ಲಿಗೆ ವರ್ಗವಾಯಿತು. ಅಲ್ಲಿದ್ದ ಡಾಕ್ಟರ್ ಹೊಸಮನಿಯವರಂಥ ಮೇಲಧಿಕಾರಿ ಮತ್ತೆ ನನಗೆ ಸಿಗಲಿಲ್ಲ. ಓಪಿಡಿ ಮುಗಿದ ಮೇಲೆ ಎಲ್ಲರೂ ಮನೆಗೆ ಹೋದರೆ ಅವರು ಹುಬ್ಬಳ್ಳಿಯಿಂದ ತರಿಸಿದ ವಿದೇಶದ ವೈದ್ಯಪತ್ರಿಕೆಗಳನ್ನು ಓದುತ್ತ ಕೂರುವರು. ಕರುಳಿನ ಕ್ಯಾನ್ಸರ್ ನಮ್ಮ ಹಳ್ಳಿಯವರಲ್ಲಿ ಯಾಕೆ ಕಡಿಮೆ, ತಿನ್ನುವುದಕ್ಕೂ ಅದಕ್ಕೂ ಸಂಬಂಧವಿದೆಯೇ ಎಂಬುದು ಅವರ ತಲೆ ಹೊಕ್ಕಿತ್ತು. ನೇರಳೆ, ಪೇರಲ, ಬೆಟ್ಟದ ನೆಲ್ಲಿ, ಕವಳಿಹಣ್ಣು ಎಂದು ಪಟ್ಟಿ ಮಾಡಿ, ಬಂದ ರೋಗಿಗಳಿಗೆಲ್ಲ ಯಾವುದನ್ನು ತಿನ್ನುತ್ತೀರಿ ಎಂದು ಕೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ಒಂದು ದಿನ ನನಗೆ ತಿಳಿಸಿ ಹೇಳಿದರು: "ಗಿಡಕ್ಕ ಕಾಲಿಲ್ಲ ಆಚಾರ್ರ, ಓಡಿ ಹೋಗಾಕ ಬರೂದಿಲ್ಲ. ಹುಳಾ ಕಡದ್ರ, ಬಿಸಲು ಸುಟ್ರ, ತನ್ನ ಮೈಯಾಗ ಒಗರು, ಬಣ್ಣಾ, ಕಹಿ ತಯಾರ ಮಾಡಿಕೊಂಡು ಉಳೀತೈತಿ. ಅದನ್ನ ನಾವು ತಿಂದ್ರ ನಮ್ಮ ಕರಳಿನ ಒಳಗಿನ ಪದರಾನೂ ಅದು ಕಾಯಬಹುದು."

ನನ್ನ ಅಕ್ಷರ ದುಂಡಗಿತ್ತು. ಓಪಿಡಿಯ ಗೋಡೆಗೆ ಒಂದು ಹಲಗೆ ಬರೆದುಕೊಡಿ ಎಂದರು. "ಒಗರು ಹಣ್ಣು ತಿನ್ನಿರಿ, ಕರುಳಿನ ಕ್ಯಾನ್ಸರ್ ತಡೆಯಿರಿ" ಎಂದು ಹಸಿರು ಬಣ್ಣದಲ್ಲಿ ಬರೆದೆ. ಅವರು ಆಡಿದ್ದ "ಬಹುದು" ಎಂಬ ಮಾತು ಹಲಗೆಯ ಮೇಲೆ ಬರಲಿಲ್ಲ. ಅದನ್ನು ಬಿಟ್ಟದ್ದು ನಾನು. ಅವರೂ ನೋಡಿ, ಚೆನ್ನಾಗಿದೆ ಎಂದು ಹೇಳಿ ತೂಗುಹಾಕಿಸಿದರು.

ಆ ಹೊತ್ತಿಗೇ ತಿಳವಳ್ಳಿಯಿಂದ ಫಕೀರಪ್ಪ ಎಂಬವನನ್ನು ಎತ್ತಿಕೊಂಡು ಬಂದರು. ಎರಡು ವರ್ಷದಿಂದ ರಕ್ತ ಹೋಗುತ್ತಿದ್ದುದಕ್ಕೆ ಮೂಲವ್ಯಾಧಿ ಎಂದು ನಾಟಿ ಔಷಧ ತಿಂದಿದ್ದ. ಹೊಟ್ಟೆ ಬಿರಿಯುವಂತೆ ಉಬ್ಬಿತ್ತು. ಡಾಕ್ಟರು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಹುಬ್ಬಳ್ಳಿಗೆ ಬರೆದುಕೊಟ್ಟರು. ಕರುಳಿನ ಕ್ಯಾನ್ಸರ್ ಎಂದು ಅಲ್ಲಿ ಹೇಳಿದರು, ಹತ್ತು ದಿನದಲ್ಲಿ ಅವನು ತೀರಿಕೊಂಡ. ಅವನ ಜೊತೆ ಬಂದಿದ್ದವಳು ಅವನ ತಂಗಿ ಗಂಗವ್ವ. ನಲವತ್ತೈದರ ಆಸುಪಾಸಿನ ಹೆಂಗಸು, ಗಂಡ ಇಲ್ಲ, ಒಬ್ಬಳೇ ಮಗಳು. ಕಂಡವರ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವುದು, ಕಳೆ ಕೀಳುವುದು ಅವಳ ಜೀವನ.

ಫಕೀರಪ್ಪನ ಮಣ್ಣಾದ ಮೇಲೆ ಡಾಕ್ಟರು ಅವಳಿಗೆ ಹೇಳಿಕಳಿಸಿದರು. "ಒಂದ ತಾಯಿ ಮಕ್ಕಳಾಗ ಒಬ್ಬರಿಗೆ ಈ ಜಡ್ಡು ಬಂದ್ರ ಇನ್ನೊಬ್ಬರನ್ನ ನೋಡಿಕೋತ ಇರಬೇಕವಾ. ಆರು ತಿಂಗಳಿಗೊಮ್ಮೆ ಬಂದು ಪರೀಕ್ಷಾ ಮಾಡಿಸು. ದಿನಾ ನೆಲ್ಲಿಕಾಯಿ, ಪೇರಲ ತಿನ್ನು. ಅವು ಸಿಗದಿದ್ದಾಗ ನಾ ಸಿ ವಿಟಮಿನ್ ಗುಳಿಗಿ ಕೊಡ್ತೇನಿ."

ಡಾಕ್ಟರ ಮಾತನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ ರೋಗಿಯನ್ನು ನಾನು ನೋಡಿಲ್ಲ. ಸಸಿ ಹಚ್ಚುವ ಕೆಲಸ ಮುಗಿದ ಮೇಲೆ ಅಡವಿಯ ಅಂಚಿಗೆ ಹೋಗಿ ನೆಲ್ಲಿಕಾಯಿ ಉದುರಿಸಿ ತರುವಳು. ದಿನಕ್ಕೆ ಹತ್ತು ಹನ್ನೆರಡು, ಉಪ್ಪು ಹಚ್ಚಿ, ಮುಖ ಕಿವುಚಿ ತಿನ್ನುವಳು. ನಮಗೂ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಮೇಜಿನ ಮೇಲೆ ಸುರಿಯುವಳು.

"ಏನಂತೈತ್ರಿ ಆಚಾರ್ರ ನನ್ನ ಹೊಟ್ಟಿ?" ಎಂದು ಕೇಳುವಳು. ಮೊದಲ ಸಲ ಕೇಳಿದಾಗ ನಾನು ನಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸಿದೆ.

"ನೋಡವಾ, ನೀಲಿ ಬಂದಿಲ್ಲ. ರಕ್ತ ಇಲ್ಲ. ಛಲೋ ಅದ."

"ನೀವು ಇಲ್ಲ ಅಂದ್ರ ಇಲ್ಲ ಬಿಡ್ರಿ," ಎಂದು ನಕ್ಕಳು.

ಹೀಗೆ ಮೂರು ವರ್ಷ. ಪ್ರತಿಸಲವೂ ಮಾಂಸ ತಿಂದಿದ್ದೀಯಾ ಎಂದು ಕೇಳಿದೆ. ಪ್ರತಿಸಲವೂ ಇಲ್ಲ ಎಂದಳು, ನಳಿಗೆಯಲ್ಲಿ ನೀಲಿ ಬರಲಿಲ್ಲ, ನಾನು ರಜಿಸ್ಟರಿನಲ್ಲಿ "ರಕ್ತ ಇಲ್ಲ" ಎಂದು ಬರೆದು ಸಹಿ ಮಾಡಿದೆ. ಹಣ್ಣು ಕೆಲಸ ಮಾಡುತ್ತಿದೆ ಎಂದು ಡಾಕ್ಟರಿಗೆ ಹೆಮ್ಮೆ. ನನಗೂ ಹೆಮ್ಮೆ.

ಹೊಸಮನಿಯವರಿಗೆ ಸವಣೂರಿಗೆ ವರ್ಗವಾಯಿತು. ಅವರ ಜಾಗಕ್ಕೆ ಆಗ ತಾನೇ ಓದು ಮುಗಿಸಿದ್ದ ಒಬ್ಬ ಡಾಕ್ಟರು ಬಂದರು. ಆ ವರ್ಷ ಗಂಗವ್ವ ಬಂದಾಗ ಮುಖ ಬಿಳಿಚಿಕೊಂಡಿತ್ತು. "ಗದ್ದ್ಯಾಗ ಬಗ್ಗಿ ಎದ್ರ ಕಣ್ಣಿಗೆ ಕತ್ಲಿ ಬರಾಕತ್ತೈತ್ರಿ," ಎಂದಳು. ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದೆ. ಆಗ ಅದನ್ನು ನಳಿಗೆಯಲ್ಲಿ ನೀರು ಹನಿಸುತ್ತ ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೊಂದಿಸಿ ನೋಡಬೇಕಿತ್ತು. ಎರಡು ಹನಿ ಬೀಳುವುದರೊಳಗೆ ಬಣ್ಣ ತಿಳಿಯಾಗಿಬಿಟ್ಟಿತು. ಇರಬೇಕಾದುದರ ಅರ್ಧವೂ ಇರಲಿಲ್ಲ. ಮಲದ ಪರೀಕ್ಷೆ ಮಾಡಿದೆ. ನೀಲಿ ಇಲ್ಲ.

ಇಷ್ಟು ರಕ್ತ ಎಲ್ಲಿಗೆ ಹೋಯಿತು ಎಂದು ನಾನು ಅಲ್ಲೇ ನಿಂತು ಯೋಚಿಸಬೇಕಿತ್ತು. ಒಂದೇ ಮೇಜಿನ ಮೇಲೆ ಎರಡು ನಳಿಗೆಗಳು ಒಂದಕ್ಕೊಂದು ವಿರುದ್ಧ ಹೇಳುತ್ತಿದ್ದವು. ನಾನು ಎರಡನ್ನೂ ಚೀಟಿಯಲ್ಲಿ ಬರೆದು ಕಳಿಸಿದೆ. ಹೊಸ ಡಾಕ್ಟರು ಮಲದ ಫಲಿತಾಂಶ ನೋಡಿ, ಕರುಳಿನದಲ್ಲ, ಹೆಂಗಸರಲ್ಲಿ ಇದ್ದದ್ದೇ ಎಂದು ಕಬ್ಬಿಣದ ಗುಳಿಗೆ ಕೊಟ್ಟರು. ಮುಂದಿನ ತಿಂಗಳು ಗಂಗವ್ವ ಬಂದು ಪಿಸುದನಿಯಲ್ಲಿ, "ಹೊರಕಡೆ ಹೋದ್ರ ಕರ್ರಗ ಹೊಂಟೈತ್ರಿ," ಎಂದಳು. "ಗುಳಿಗಿದು ಅದವಾ, ಹೆದರಬ್ಯಾಡ," ಎಂದೆ. ಕಬ್ಬಿಣ ತಿಂದರೆ ಕಪ್ಪಾಗುವುದು ನಿಜ. ಎಲ್ಲಕ್ಕೂ ನನ್ನ ಹತ್ತಿರ ನಿಜವಾದ ಉತ್ತರವಿತ್ತು.

ಅದಾಗಿ ಕೆಲವು ತಿಂಗಳಿಗೆ ನನಗೆ ಶಿಗ್ಗಾಂವಿಗೆ ವರ್ಗವಾಯಿತು. ಬೆಂಜಿಡಿನ್ ಬಳಸಬೇಡಿ, ಅದನ್ನು ಮುಟ್ಟಿದವರಿಗೆ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆ ಎಂದು ಇಲಾಖೆಯವರು ತಿಳಿಸಿದ್ದು ನಾನು ಅಲ್ಲಿದ್ದಾಗಲೇ. ಕ್ಯಾನ್ಸರ್ ಹುಡುಕುವುದಕ್ಕೆ ಕೊಟ್ಟಿದ್ದ ಪುಡಿ ಅದು. ಹತ್ತು ವರ್ಷ ಬರಿಗೈಯಲ್ಲಿ ಮುಟ್ಟಿದ್ದೆ. ಖಾದರ್ ಸಾಹೇಬರಿಗೆ ಪತ್ರ ಬರೆದೆ. "ನಾ ಇಪ್ಪತ್ತು ವರ್ಷ ಮುಟ್ಟೇನಿ. ಇನ್ನ ಕೈ ತೊಳಕೊಂಡು ಏನ್ ಮಾಡ್ಲಿ?" ಎಂದು ಉತ್ತರ ಬಂತು.

ಪುಡಿಯ ಬದಲಿಗೆ ರಟ್ಟಿನ ಕಾರ್ಡುಗಳ ಒಂದು ಡಬ್ಬಿ ಬಂತು. ಒಂದು ಬಗೆಯ ಮರದ ಅಂಟು ಹಚ್ಚಿದ ಕಾಗದ ಅದರೊಳಗೆ. ಮಲ ಸವರಿ ಒಂದು ಹನಿ ಹಾಕಿದರೆ ಆಯಿತು, ಕುದಿಸುವ ಗೋಜಿಲ್ಲ. ಡಬ್ಬಿಯಲ್ಲಿ ಮಡಚಿಟ್ಟ ಸೂಚನೆಯ ಹಾಳೆಯಿತ್ತು. ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಅದನ್ನು ಓದತೊಡಗಿದೆ. ಪರೀಕ್ಷೆಗೆ ಮೂರು ದಿನ ಮೊದಲು ಮಾಂಸ ತಿನ್ನಬಾರದು. ಅದು ಗೊತ್ತಿದ್ದದ್ದೇ. ಅದರ ಕೆಳಗಿನ ಸಾಲು: ಸಿ ವಿಟಮಿನ್ ಗುಳಿಗೆ, ಸಿ ವಿಟಮಿನ್ ಹೇರಳವಾಗಿರುವ ಹಣ್ಣು, ರಸ ತೆಗೆದುಕೊಳ್ಳಬಾರದು. ತೆಗೆದುಕೊಂಡಿದ್ದರೆ ರಕ್ತವಿದ್ದರೂ ಬಣ್ಣ ಬಾರದೇ ಹೋಗಬಹುದು.

ಆ ಸಾಲನ್ನು ಎಷ್ಟು ಸಲ ಓದಿದೆನೋ ತಿಳಿಯದು. ಹಳೆಯ ಪುಡಿಯ ನೀಲಿಯೂ ಏಳುತ್ತಿದ್ದುದು ಇದೇ ಬಗೆಯಲ್ಲಿ. ಅದಕ್ಕೂ ಈ ಮಾತು ಸಲ್ಲುತ್ತದೆ ಎಂದು ಗೊತ್ತಾಗಲು ಹೊಸ ವಿದ್ಯೆ ಬೇಕಿರಲಿಲ್ಲ. ಊಟ ಮಾಡದೆ ಡಬ್ಬಿ ಮುಚ್ಚಿ, ಅರ್ಧ ದಿನದ ರಜೆ ಬರೆದಿಟ್ಟು ಬಸ್ ಸ್ಟ್ಯಾಂಡಿಗೆ ಹೋದೆ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ತಿಳವಳ್ಳಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು.

ಗಂಗವ್ವ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದಳು. ಗುರುತು ಹತ್ತುವುದಕ್ಕೆ ಒಂದು ಗಳಿಗೆ ಬೇಕಾಯಿತು. ಕೈಗಳು ಕಡ್ಡಿಯಾಗಿದ್ದವು. ನನ್ನನ್ನು ನೋಡಿ ಮಗಳನ್ನು ಕೂಗಿದಳು: "ಶಿವಕ್ಕ, ಆಚಾರ್ರು ಬಂದಾರ, ಚಾಪಿ ಹಾಸ." ಅದೇ ಊರಿನಲ್ಲಿ ಲಗ್ನವಾಗಿದ್ದ ಶಿವಕ್ಕ ತಾಯಿಯನ್ನು ನೋಡಿಕೊಳ್ಳಲು ಬಂದಿದ್ದಳು.

"ನೆಲ್ಲಿಕಾಯಿ ತಿನ್ನಾಕತ್ತೀಯೇನವಾ?" ಎಂದೆ.

"ಒಂದ ದಿನಾ ಬಿಟ್ಟಿಲ್ರಿ. ಉಪ್ಪಿನ ನೀರಾಗ ಹಾಕಿ ಇಟ್ಟೇನಿ. ಗುಳಿಗೀನೂ ಅದಾವು."

"ಮೂರು ದಿನ ಎಲ್ಲಾ ಬಿಡು. ನಾಲ್ಕನೇ ದಿನ ಪೆಟ್ಟಗಿ ಶಿಗ್ಗಾಂವಿಗೆ ಕಳಿಸು."

"ಯಾಕ್ರಿ?"

ಹೇಳಲಿಲ್ಲ. "ಮತ್ತೊಮ್ಮೆ ನೋಡೋಣಂತ," ಎಂದಷ್ಟೇ ಹೇಳಿ ಎದ್ದುಬಂದೆ. ನಾಲ್ಕನೆಯ ದಿನ ಶಿವಕ್ಕ ಪೆಟ್ಟಿಗೆ ತಂದಳು. ಹನಿ ಬಿದ್ದ ಕೂಡಲೇ ಕಾರ್ಡು ಕಡುನೀಲಿಯಾಯಿತು. ಎದುರಿಗೇ ನಿಂತಿದ್ದ ಶಿವಕ್ಕ, "ಅದು ಏನ್ರಿ ಬಣ್ಣ?" ಎಂದು ಕೇಳಿದಳು.

ಹುಬ್ಬಳ್ಳಿಗೆ ನಾನೇ ಜೊತೆಗೆ ಹೋದೆ. ಹೊಟ್ಟೆ ತೆರೆದು ನೋಡಿ ಹಾಗೆಯೇ ಹೊಲಿದರು. ಕರುಳಿನ ಕ್ಯಾನ್ಸರ್ ಯಕೃತ್ತಿನ ತುಂಬ ಹರಡಿತ್ತು. ಎರಡು ವರ್ಷದ ಹಿಂದೆ ಬಂದಿದ್ದರೆ ಆ ಮಾತು ಬೇರೆ ಎಂದು ಅಲ್ಲಿನ ಸರ್ಜನ್ನರು ಕೈ ತೊಳೆಯುತ್ತ ಹೇಳಿದರು. ಎರಡು ವರ್ಷದ ಹಿಂದೆ ಅವಳು ಬಂದೇ ಇದ್ದಳು, ನನ್ನ ಹತ್ತಿರ.

ಊರಿಗೆ ಕರೆತಂದ ಮೇಲೆ ಒಂದು ಭಾನುವಾರ ಹೋಗಿ ಎಲ್ಲವನ್ನೂ ಹೇಳಿದೆ. ಶಿವಕ್ಕ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ನೆಲ್ಲಿಕಾಯಿಯ ಹುಳಿ ಪರೀಕ್ಷೆಯ ಬಣ್ಣವನ್ನು ತಡೆದಿದೆ, ರಕ್ತ ಆಗಲೂ ಹೋಗುತ್ತಿದ್ದಿರಬೇಕು, ನನಗೆ ಗೊತ್ತಿರಲಿಲ್ಲ ಎಂದೆ.

 ಗಂಗವ್ವ, "ಹಂಗಾದ್ರ ಹಣ್ಣು ತಿಂದದ್ದ ತಪ್ಪಾತೇನ್ರಿ?" ಎಂದಳು.

"ಇಲ್ಲವಾ. ಹಣ್ಣು ತಿಂದದ್ದು ತಪ್ಪಲ್ಲ. ತಿಂದದ್ದನ್ನ ಕೇಳದ ಪರೀಕ್ಷಾ ಮಾಡಿದ್ದು ನನ್ನ ತಪ್ಪು."

"ನಾ ಮುಚ್ಚಿಟ್ಟಿರಲಿಲ್ರಿ. ನಿಮ್ಮ ಮೇಜಿನ ಮ್ಯಾಲೆ ತಂದ ಸುರೀತಿದ್ನೆಲ್ರಿ."

ಅದರಲ್ಲಿ ಸಿಟ್ಟಿರಲಿಲ್ಲ. ಅವಳು ಇದ್ದದ್ದನ್ನು ಹೇಳಿದಳು.  ಆಮೇಲೆ ಅವಳೇ, "ನೀವು ಇಲ್ಲ ಅಂದಾಗೆಲ್ಲಾ ಮನಿಗೆ ಬಂದು ಹೊಟ್ಟಿತುಂಬ ಉಂಡು ಮಲಗತಿದ್ದೆ. ಛಲೋ ನಿದ್ದಿ ಬರ್ತಿತ್ತು," ಎಂದು ಗೋಡೆಯ ಕಡೆ ಹೊರಳಿದಳು. ಅದು ನನಗೆ ಕೊಟ್ಟ ಸಮಾಧಾನವೋ ಅಲ್ಲವೋ ಇಂದಿಗೂ ತಿಳಿದಿಲ್ಲ. ಸುಗ್ಗಿ ಮುಗಿಯುವುದರೊಳಗೆ ತೀರಿಕೊಂಡಳು.

ಸವಣೂರಿಗೆ ಹೋಗಿ ಡಾಕ್ಟರ್ ಹೊಸಮನಿಯವರಿಗೆ ಸೂಚನೆಯ ಹಾಳೆ ತೋರಿಸಿದೆ. ಎರಡು ಸಲ ಓದಿದರು. ಕನ್ನಡಕ ತೆಗೆದು, "ಹಣ್ಣಿನ ಬಗ್ಗೆ ಸಿಕ್ಕದ್ದೆಲ್ಲಾ ಓದಿದೆ ಆಚಾರ್ರ. ನಾ ಬರಕೊಡೂ ಪರೀಕ್ಷಾದ ಬಗ್ಗೆ ಒಂದ ಪುಟಾನೂ ಓದಲಿಲ್ಲ," ಎಂದರು. ಅಂದಿನಿಂದ ಅವರು ರೋಗಿಗಳ ಮುಂದೆ ಹಣ್ಣಿನ ಮಾತೆತ್ತುವುದನ್ನೇ ಬಿಟ್ಟರು. ನನಗೆ ಅದೂ ಸರಿ ಕಾಣಲಿಲ್ಲ. ಹಣ್ಣು ಕರುಳನ್ನು ಕಾಯಬಹುದು, ಕಾಯದೆಯೂ ಇರಬಹುದು. ಅದು ಅಂದೂ ತೀರ್ಮಾನವಾಗಿರಲಿಲ್ಲ. ಹಣ್ಣು ತಪ್ಪು ಮಾಡಿರಲಿಲ್ಲ. ಒಂದು ಒಳ್ಳೆಯ ಸಲಹೆಯನ್ನೂ ಒಂದು ಒಳ್ಳೆಯ ಪರೀಕ್ಷೆಯನ್ನೂ ಒಬ್ಬಳೇ ಹೆಣ್ಣುಮಗಳ ಮೇಲೆ ಕೂಡಿಸಿಟ್ಟವರು ನಾವಿಬ್ಬರು.

ಹಾನಗಲ್ಲಿನ ಹಳೆಯ ರಜಿಸ್ಟರು ತೆಗೆಸಿ ನೋಡಿದೆ. ನಮ್ಮ ಮಾತು ಕೇಳಿ ಹಣ್ಣು, ಗುಳಿಗೆ ತಿನ್ನುತ್ತಿದ್ದು, ನಾನು "ರಕ್ತ ಇಲ್ಲ" ಎಂದು ಬರೆದ ಬೇರೆ ಹೆಸರುಗಳೂ ಇದ್ದವು. ಅವರಿಗೆಲ್ಲ ಮತ್ತೊಮ್ಮೆ ಬರಲು ಪತ್ರ ಹಾಕೋಣವೆಂದು ಮೇಲಿನ ಒಬ್ಬ ಅಧಿಕಾರಿಯನ್ನು ಕೇಳಿದೆ. "ಸತ್ತಾಕಿ ಬಡವಿ, ಯಾರೂ ಕೇಳಾಕ ಬಂದಿಲ್ಲ. ನೀವ ಊರಿಗೆಲ್ಲಾ ಸಾರಿ ಬರ್ತೀರೇನು? ರಜಿಸ್ಟರು ಇದ್ದಲ್ಲಿ ಇಡ್ರಿ," ಎಂದರು. ರಜೆಯ ದಿನಗಳಲ್ಲಿ ನಾನೇ ಹಳ್ಳಿಗಳಿಗೆ ಹೋದೆ. ಒಬ್ಬ ನಕ್ಕುಬಿಟ್ಟ. ಒಬ್ಬ ಊರು ಬಿಟ್ಟಿದ್ದ. ಒಂದು ಮನೆಯಲ್ಲಿ ನಾನು ಹುಡುಕಿಕೊಂಡು ಹೋದವನ ಫೋಟೋಕ್ಕೆ ಹಾರ ಹಾಕಿತ್ತು. ಯಾವ ಜಡ್ಡಿನಿಂದ ಹೋದ ಎಂದು ಕೇಳುವ ಧೈರ್ಯ ಬರಲಿಲ್ಲ. ಅಲ್ಲಿಂದ ಬಂದವನು ಮತ್ತೆ ಹೋಗಲಿಲ್ಲ. ಪಟ್ಟಿಯಲ್ಲಿ ಇನ್ನೂ ಹೆಸರುಗಳಿದ್ದವು. ಇದನ್ನು ಬರೆಯುವುದು ಬೇರೆಲ್ಲ ಬರೆದದ್ದಕ್ಕಿಂತ ಕಷ್ಟವಾಗುತ್ತಿದೆ.

ಉಳಿದವಳು ಶಿವಕ್ಕ. ಮಾವನಿಗೆ ಬಂದದ್ದು, ತಾಯಿಗೆ ಬಂದದ್ದು. ಅವಳನ್ನು ನೋಡಿಕೊಳ್ಳಲೇಬೇಕು. ವರ್ಷಕ್ಕೊಮ್ಮೆಯಾದರೂ ಹೋಗಿ ಕೇಳಿಕೊಂಡೆ. ಒಂದು ಸಲ ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು:

"ಬ್ಯಾಡ್ರಿ. ನೀವು ಇಲ್ಲ ಅಂದ್ರ ನನಗ ನಂಬಿಕಿ ಬರೂದಿಲ್ಲ. ಐತಿ ಅಂದ್ರ ಮಾಮಾನೂ ಉಳೀಲಿಲ್ಲ, ಅವ್ವಾನೂ ಉಳೀಲಿಲ್ಲ. ಮತ್ಯಾಕ ನೋಡಿಸ್ಕೊಳ್ಲಿ ನಾನು?"

"ಈಗ ಸರಿಯಾಗಿ ನೋಡ್ಲಿಕ್ಕೆ ಬರ್ತದವಾ. ಲಗೂನ ಸಿಕ್ರ ಉಳೀತಾರ."

"ಅವ್ವ ಮೂರ ವರ್ಷ ಲಗೂನ ಬಂದಿದ್ಲು," ಎಂದು ಶಿವಕ್ಕ ಬಾಗಿಲು ಮುಂದೆ ಮಾಡಿಕೊಂಡಳು.

ನಿವೃತ್ತಿಯಾದ ಮೇಲೂ ಒಮ್ಮೆ ಹೋಗಿದ್ದೆ. ಐವತ್ತು ದಾಟಿದ್ದಾಳೆ, ತಾಯಿಗೆ ಜಡ್ಡು ಕಾಣಿಸಿಕೊಂಡ ವಯಸ್ಸು. ದೂರದಿಂದಲೇ ನನ್ನನ್ನು ಕಂಡು ಒಳಗೆ ಹೋದಳು, ಕರೆದರೂ ಹೊರಗೆ ಬರಲಿಲ್ಲ. ಈಗಿನ ಲ್ಯಾಬುಗಳಲ್ಲಿ ಒಳ್ಳೆಯ ಪರೀಕ್ಷೆಗಳಿವೆ, ಹಣ್ಣು ಮುಚ್ಚಿಡಲಾಗದಂಥವು. ಅವಳನ್ನು ಒಪ್ಪಿಸುವ ಮಾತು ಮಾತ್ರ ನನಗೆ ಸಿಗಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವ ನಿಮ್ಮಲ್ಲಿ ಯಾರಿಗಾದರೂ ಹಾನಗಲ್ ತಾಲೂಕು ಸಿಕ್ಕರೆ, ತಿಳವಳ್ಳಿಯಲ್ಲಿ ಇಳಿದು ಗಂಗವ್ವನ ಮಗಳು ಶಿವಕ್ಕನ ಮನೆ ಯಾವುದೆಂದು ಕೇಳಿರಿ. ನನ್ನ ಹೆಸರು ಹೇಳಬೇಡಿರಿ.